ಒಂದು ಕಟ್ಟಡ, ಎರಡು ಪಾಳಿ: ಒಂದೇ ಗಣಕಯಂತ್ರದಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು ಅರಿಯುವುದು, ಕಲಿಸುವುದು

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಉಲ್ಲಾಳ ಮುಖ್ಯರಸ್ತೆಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ನಾನು ವಿಜ್ಞಾನ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ಒಂಬತ್ತನೆಯ ತರಗತಿ, ಘಟಕ 'ಅಂಗಾಂಶಗಳು'. ಪ್ರಶಿಕ್ಷಣಾರ್ಥಿ ಎರಡು ರಾತ್ರಿ ಕುಳಿತು ಹದಿನಾಲ್ಕು ಸ್ಲೈಡುಗಳನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಪೂರ್ವಜ್ಞಾನ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಪೆನ್‌ಡ್ರೈವ್ ಹಾಕಿ ಕಡತ ತೆರೆದಾಗ ಮಾತ್ರ ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. ಚಿತ್ರಗಳು ಸರಿಯಾಗಿದ್ದವು, ಅವುಗಳ ಹೆಸರುಗಳು ಮಾತ್ರ ಓದಲು ಬರುತ್ತಿರಲಿಲ್ಲ.

ಆ ಗಣಕಯಂತ್ರ ಉಬುಂಟುವಿನಲ್ಲಿ ನಡೆಯುತ್ತಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, "ಮಿಸ್, ರೀಸ್ಟಾರ್ಟ್ ಮಾಡಿ, ಅದರಲ್ಲಿ ವಿಂಡೋಸೂ ಇದೆ" ಎಂದ. ಅವನು ಹೇಳಿದ್ದು ನಿಜ. ಹಿಂದೆ ಯಾರೋ ಎರಡನ್ನೂ ಅದರಲ್ಲಿ ಅಳವಡಿಸಿಟ್ಟಿದ್ದರು. ಯಂತ್ರ ಮುಚ್ಚಿ ಮತ್ತೆ ತೆರೆದು ವಿಂಡೋಸ್ ಬರುವ ಹೊತ್ತಿಗೆ ಆರು ನಿಮಿಷ ಕಳೆದಿತ್ತು. ಕಡತ ತೆರೆದರು. ಮತ್ತೆ ಅದೇ ಇಂಗ್ಲಿಷ್ ಅಕ್ಷರಗಳು! ನಲವತ್ತು ನಿಮಿಷದ ಅವಧಿಯಲ್ಲಿ ಉಳಿದದ್ದನ್ನು ಅವರು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದರು. ಅವಲೋಕನ ಪುಸ್ತಕದಲ್ಲಿ ಅದಕ್ಕಾಗಿ ನಾನು ಮೆಚ್ಚುಗೆಯನ್ನೇ ಬರೆದೆ.

ಸಂಜೆಯ ವಿಮರ್ಶಾ ಸಭೆಯಲ್ಲಿ ಅವರು, "ಉಬುಂಟುವಿನಿಂದ ನನ್ನ ಪಾಠ ಹಾಳಾಯಿತು ಸರ್" ಎಂದರು. "ಹಾಗಾದರೆ ವಿಂಡೋಸಿನಲ್ಲೂ ಏಕೆ ಹಾಗೇ ಆಯಿತು?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಪಕ್ಕದಲ್ಲಿದ್ದ ಉಳಿದ ಏಳು ಜನರೂ ಸುಮ್ಮನಿದ್ದರು. ಈ ಲೇಖನ ಆ ಮೌನದಿಂದ ಹುಟ್ಟಿದ್ದು.

ಮೂರು ಪದರಗಳು

ನಾವು 'ಕಂಪ್ಯೂಟರ್' ಎಂದು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಮೂರು ಪದರಗಳಿವೆ. ಮೊದಲನೆಯದು ಯಂತ್ರಾಂಶ: ಸಂಸ್ಕಾರಕ, ಸ್ಮೃತಿ, ಹಾರ್ಡ್ ಡಿಸ್ಕ್, ಕೀಲಿಮಣೆ, ಪರದೆ. ಎರಡನೆಯದು ಆ ಭಾಗಗಳನ್ನೆಲ್ಲ ಕೆಲಸಕ್ಕೆ ಹಚ್ಚುವ ಕಾರ್ಯಾಚರಣಾ ವ್ಯವಸ್ಥೆ: ವಿಂಡೋಸ್, ಉಬುಂಟು ಮುಂತಾದವು. ಮೂರನೆಯದು ನಾವು ತಯಾರಿಸಿದ ವಿಷಯ: ಪಾಠದ ಸ್ಲೈಡು, ಪ್ರಶ್ನೆಪತ್ರಿಕೆ, ಅಂಕಪಟ್ಟಿ.

ಒಂದೇ ಬಗೆಯ ಯಂತ್ರವನ್ನು, ಒಂದೇ ಬಗೆಯ ಪರದೆಯನ್ನು ಎಲ್ಲೆಡೆ ಕಂಡ ವಿದ್ಯಾರ್ಥಿಗೆ ಈ ಮೂರೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಕೆಳಗಿನ ಎಡಮೂಲೆಯ ಗುಂಡಿ ಒತ್ತುವುದೇ ಕಂಪ್ಯೂಟರ್ ಜ್ಞಾನ ಎಂದು ಅವನು ತಿಳಿಯುತ್ತಾನೆ. ಗುಂಡಿ ಬೇರೆ ಕಡೆ ಇದ್ದರೆ 'ಇದು ಕೆಟ್ಟಿದೆ' ಎನ್ನುತ್ತಾನೆ. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು ತೋರಿಸಿದಾಗ ಈ ಅಂಟು ಬಿಡುತ್ತದೆ. ಅದೇ ಪೆಟ್ಟಿಗೆ, ಅದೇ ತಂತಿ, ಅದೇ ಕೀಲಿಮಣೆ; ಆದರೂ ಎದುರಿಗೆ ಬಂದದ್ದು ಬೇರೆ. ಹಾಗಾದರೆ ಬದಲಾದದ್ದೇನು? ಈ ಪ್ರಶ್ನೆಯನ್ನು ಮಗುವೇ ಕೇಳುವಂತೆ ಮಾಡಿದರೆ ಅರ್ಧ ಪಾಠ ಮುಗಿದಂತೆ.

ಪಾಳಿ ಶಾಲೆಯ ಹೋಲಿಕೆ

ನಮ್ಮಲ್ಲಿ ಅನೇಕರು ಪಾಳಿ ಶಾಲೆಗಳನ್ನು ಕಂಡವರು. ಬೆಳಗಿನ ಪಾಳಿಯಲ್ಲಿ ಒಂದು ಶಾಲೆ, ಮಧ್ಯಾಹ್ನದ ಪಾಳಿಯಲ್ಲಿ ಇನ್ನೊಂದು. ಕಟ್ಟಡ, ಬೆಂಚು, ಕಪ್ಪುಹಲಗೆ, ಗಂಟೆ ಎಲ್ಲವೂ ಒಂದೇ. ಮುಖ್ಯೋಪಾಧ್ಯಾಯರು, ವೇಳಾಪಟ್ಟಿ, ಬೀರುಗಳು ಬೇರೆ ಬೇರೆ. ಒಂದು ಪಾಳಿ ಬಿಡದೆ ಇನ್ನೊಂದು ಕೂರುವಂತಿಲ್ಲ. ಎರಡು ಕಾರ್ಯಾಚರಣಾ ವ್ಯವಸ್ಥೆಗಳಿರುವ ಯಂತ್ರವೂ ಹೀಗೆಯೇ. ಇದನ್ನು 'ಡ್ಯುಯಲ್ ಬೂಟ್' ಎನ್ನುತ್ತಾರೆ.

ಪವರ್ ಗುಂಡಿ ಒತ್ತಿದಾಗ ನಡೆಯುವುದನ್ನು ಇದೇ ಹೋಲಿಕೆಯಲ್ಲಿ ಹಂತಹಂತವಾಗಿ ಹೇಳಬಹುದು.

ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಒಂದು ಚಿಕ್ಕ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದು ಬಯೋಸ್, ಹೊಸತರಲ್ಲಿ ಯು.ಇ.ಎಫ್.ಐ. ಇದು ಬೆಳಿಗ್ಗೆ ಬಂದು ಗೇಟು ತೆರೆಯುವ ಜವಾನನಂತೆ. ಸ್ಮೃತಿ ಇದೆಯೇ, ಕೀಲಿಮಣೆ ಇದೆಯೇ, ಡಿಸ್ಕ್ ಇದೆಯೇ ಎಂದು ನೋಡುತ್ತದೆ. ಇದಕ್ಕೆ ಪಾಠ ಮಾಡಲು ಬರುವುದಿಲ್ಲ, ಆದರೆ ಯಾರನ್ನು ಕರೆಯಬೇಕು ಎಂಬ ಪಟ್ಟಿ ಇದರ ಬಳಿ ಇರುತ್ತದೆ.

ಆ ಪಟ್ಟಿಯಲ್ಲಿ ಮೊದಲಿರುವುದನ್ನು ಅದು ಕರೆಯುತ್ತದೆ. ಅದೇ ಬೂಟ್ ಲೋಡರ್. ಉಬುಂಟು ಅಳವಡಿಸಿದ ಯಂತ್ರದಲ್ಲಿ ಸಾಮಾನ್ಯವಾಗಿ ಇದರ ಹೆಸರು ಗ್ರಬ್. ಕಪ್ಪು ಅಥವಾ ನೇರಳೆ ಪರದೆಯ ಮೇಲೆ ನಾಲ್ಕೈದು ಸಾಲು ಬರೆದು, 'ಇಂದು ಯಾವ ಪಾಳಿ?' ಎಂದು ಕೇಳುವುದು ಇದೇ. ಹತ್ತು ಸೆಕೆಂಡಿನಷ್ಟು ಕಾಯುತ್ತದೆ. ನಾವು ಮೇಲೆ ಕೆಳಗೆ ಬಾಣದ ಕೀಲಿ ಒತ್ತಿ ಆರಿಸದಿದ್ದರೆ ಮೊದಲ ಸಾಲಿನದನ್ನೇ ತೆಗೆದುಕೊಳ್ಳುತ್ತದೆ.

ಆಯ್ಕೆಯಾದ ಮೇಲೆ ಆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಅಂದರೆ ಕರ್ನೆಲ್, ಡಿಸ್ಕಿನಿಂದ ಸ್ಮೃತಿಗೆ ಬಂದು ಕೂರುತ್ತದೆ. ಇದು ಆ ಪಾಳಿಯ ಮುಖ್ಯೋಪಾಧ್ಯಾಯರು. ಇನ್ನು ಮುಂದೆ ಯಾವ ತಂತ್ರಾಂಶಕ್ಕೆ ಎಷ್ಟು ಸ್ಮೃತಿ, ಯಾರಿಗೆ ಯಾವಾಗ ಸಂಸ್ಕಾರಕ, ಯಾರು ಯಾವ ಕಡತ ಮುಟ್ಟಬಹುದು ಎಂಬುದೆಲ್ಲ ಅವರ ತೀರ್ಮಾನ. ಉಬುಂಟುವಿನ ತಿರುಳು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದರು. ಅದರ ಮೇಲೆ ಕಟ್ಟಿದ ಉಬುಂಟುವಿನ ಮೊದಲ ಆವೃತ್ತಿ ಬಂದದ್ದು 2004ರ ಅಕ್ಟೋಬರಿನಲ್ಲಿ.

ಪ್ರತಿ ಹೋಲಿಕೆಗೂ ಒಂದು ಗಡಿ ಇರುತ್ತದೆ. ಅದನ್ನೂ ತರಗತಿಯಲ್ಲಿ ಹೇಳಬೇಕು. ಪಾಳಿ ಶಾಲೆಯಲ್ಲಿ ಎರಡೂ ಪಾಳಿ ಪ್ರತಿದಿನ ನಡೆಯುತ್ತವೆ. ಇಲ್ಲಿ ಒಂದನ್ನು ತಿಂಗಳುಗಟ್ಟಲೆ ತೆರೆಯದೆಯೂ ಇರಬಹುದು. ಶಾಲೆಯಲ್ಲಿ ಒಂದು ಪಾಳಿಯವರಿಗೆ ಇನ್ನೊಂದರ ಬೀರು ತೆರೆಯಲು ಬಾರದು. ಇಲ್ಲಿ ಉಬುಂಟುವಿಗೆ ವಿಂಡೋಸಿನ ಬೀರು ತೆರೆಯಲು ಬರುತ್ತದೆ. ವಿಂಡೋಸ್ ಉಬುಂಟುವಿನ ಬೀರನ್ನು ಬೀರು ಎಂದೇ ಗುರುತಿಸುವುದಿಲ್ಲ. ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಡಿಸ್ಕನ್ನು ಹಂಚುವುದು

ಒಂದು ಹಾರ್ಡ್ ಡಿಸ್ಕನ್ನು ಹಲವು ಭಾಗಗಳಾಗಿ ಗುರುತು ಹಾಕಿ ಹಂಚುವುದಕ್ಕೆ ಪಾರ್ಟಿಷನ್ ಎನ್ನುತ್ತೇವೆ. ಹೊಲಕ್ಕೆ ಬದು ಹಾಕಿದಂತೆ. ಪ್ರತಿ ಭಾಗದೊಳಗೆ ಕಡತಗಳನ್ನು ಜೋಡಿಸಿಡುವ ಒಂದು ಪದ್ಧತಿ ಇರುತ್ತದೆ. ವಿಂಡೋಸ್ ಬಳಸುವ ಪದ್ಧತಿ ಎನ್.ಟಿ.ಎಫ್.ಎಸ್.; ಉಬುಂಟು ಸಾಮಾನ್ಯವಾಗಿ ಬಳಸುವುದು ಇ.ಎಕ್ಸ್.ಟಿ. 4. ಗ್ರಂಥಾಲಯವೊಂದರಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ, ಇನ್ನೊಂದರಲ್ಲಿ ಲೇಖಕರ ಹೆಸರಿನ ಪ್ರಕಾರ ಜೋಡಿಸಿದಂತೆ ಇವೆರಡೂ ಬೇರೆ. ಉಬುಂಟುವಿಗೆ ಎರಡೂ ಪದ್ಧತಿ ಗೊತ್ತು. ವಿಂಡೋಸಿಗೆ ತನ್ನದು ಮಾತ್ರ ಗೊತ್ತು. ಅದರ ಕಣ್ಣಿಗೆ ಉಬುಂಟುವಿನ ಭಾಗ ಗುರುತಿಲ್ಲದ ಜಾಗ. ಕೆಲವೊಮ್ಮೆ 'ಇದನ್ನು ಫಾರ್ಮ್ಯಾಟ್ ಮಾಡಬೇಕೆ?' ಎಂದು ಕೇಳುವುದೂ ಉಂಟು. ಹೌದು ಎಂದು ಒತ್ತಿದರೆ ಅಲ್ಲಿದ್ದದ್ದೆಲ್ಲ ಹೋಯಿತು.

ಆದ್ದರಿಂದ ಶಾಲೆಯ ಯಂತ್ರದಲ್ಲಿ ಮೂರನೆಯ ಒಂದು ಭಾಗ ಮಾಡಿ, ಅದನ್ನು ಎನ್.ಟಿ.ಎಫ್.ಎಸ್. ಪದ್ಧತಿಯಲ್ಲಿಟ್ಟು, ಪಾಠದ ಕಡತಗಳನ್ನೆಲ್ಲ ಅಲ್ಲಿ ಇಡುವುದು ಜಾಣತನ. ಎರಡೂ ಪಾಳಿಯವರು ತೆರೆಯಬಹುದಾದ ಸಾಮಾನ್ಯ ಬೀರು ಅದು.

ತರಗತಿಯಲ್ಲಿ ಇದಕ್ಕೆ ಒಂದು ಚಟುವಟಿಕೆ ಮಾಡಬಹುದು. 256 ಜಿಬಿ ಎಂದು ಬರೆದಿರುವ ಡಿಸ್ಕನ್ನು ವಿಂಡೋಸ್ ಸುಮಾರು 238 ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದಕ್ಕೇ ಈ ವ್ಯತ್ಯಾಸ. ಈಗ 238 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಕತ್ತರಿಸಿ. ಒಂದು ಸೆಂಟಿಮೀಟರಿಗೆ ಒಂದು ಜಿಬಿ. ವಿಂಡೋಸಿಗೆ 120, ಉಬುಂಟುವಿಗೆ 50, ಸಾಮಾನ್ಯ ಬೀರಿಗೆ 67, ಯಂತ್ರ ಆರಂಭವಾಗಲು ಬೇಕಾದ ಸಣ್ಣ ಭಾಗಕ್ಕೆ 1. ಮಕ್ಕಳೇ ಗೆರೆ ಹಾಕಿ ಬಣ್ಣ ತುಂಬಲಿ. ನಂತರ, 'ವಿಂಡೋಸಿಗೆ ಇನ್ನೂ 20 ಬೇಕು, ಎಲ್ಲಿಂದ ತರುತ್ತೀರಿ?' ಎಂದು ಕೇಳಿ. ಪಕ್ಕದವನ ಜಾಗವನ್ನು ಕಿರಿದು ಮಾಡದೆ ತನ್ನದನ್ನು ಹಿಗ್ಗಿಸಲಾಗದು ಎಂಬುದು ಅವರಿಗೇ ತಿಳಿಯುತ್ತದೆ.

ಆ ದಿನದ ತಪ್ಪು ಯಾರದು?

ಈಗ ಅಂಗಾಂಶದ ಪಾಠಕ್ಕೆ ಮರಳೋಣ. ತಪ್ಪು ಉಬುಂಟುವಿನದೂ ಅಲ್ಲ, ವಿಂಡೋಸಿನದೂ ಅಲ್ಲ. ಅದು ಇದ್ದದ್ದು ಮೂರನೆಯ ಪದರದಲ್ಲಿ, ಅಂದರೆ ಕಡತದಲ್ಲೇ.

ಗಣಕಯಂತ್ರ ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಏರ್ಪಾಡು ಯೂನಿಕೋಡ್. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. ಈ ಸಂಖ್ಯೆ ಬೇರೆ ಯಾವ ಅಕ್ಷರಕ್ಕೂ ಇಲ್ಲ. ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ 'ಕ' ಎಂದರೆ 80 ಮತ್ತು 192 ಎಂಬ ಎರಡು ಸಂಖ್ಯೆಗಳು. 80 ಎಂದರೆ ಇಂಗ್ಲಿಷಿನ ದೊಡ್ಡಕ್ಷರ 'ಪಿ'. 192 ಎಂದರೆ ತಲೆಯ ಮೇಲೆ ಗೀಟಿರುವ 'ಎ'. ಆ ಅಕ್ಷರಶೈಲಿ ಇರುವ ಯಂತ್ರದಲ್ಲಿ ಇವೆರಡೂ ಸೇರಿ 'ಕ' ಆಗಿ ಕಾಣುತ್ತವೆ. ಅದು ಇಲ್ಲದ ಯಂತ್ರದಲ್ಲಿ 'ಪಿ', 'ಎ' ಆಗಿಯೇ ಕಾಣುತ್ತವೆ. ಶಾಲೆಯ ಯಂತ್ರದ ವಿಂಡೋಸಿನಲ್ಲಿ ಆ ಅಕ್ಷರಶೈಲಿ ಇರಲಿಲ್ಲ, ಉಬುಂಟುವಿನಲ್ಲೂ ಇರಲಿಲ್ಲ. ಎರಡೂ ತಮಗೆ ಸಿಕ್ಕ ಸಂಖ್ಯೆಗಳನ್ನು ಪ್ರಾಮಾಣಿಕವಾಗಿಯೇ ತೋರಿಸಿದ್ದವು.

ಪರಿಹಾರ ಸುಲಭ. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಮೊದಲಿನಿಂದಲೇ ಅದರಲ್ಲಿ ಬೆರಳಚ್ಚು ಮಾಡಬೇಕು. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಬದಲಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಬೇಕು. ಯೂನಿಕೋಡ್ ಕನ್ನಡಕ್ಕೆ ವಿಂಡೋಸಿನಲ್ಲಿ ತುಂಗಾ, ನಿರ್ಮಲಾ ಅಕ್ಷರಶೈಲಿಗಳಿವೆ. ಉಬುಂಟುವಿನಲ್ಲಿ ಲೋಹಿತ್, ಗುಬ್ಬಿ, ನವಿಲು ಸಿಗುತ್ತವೆ. ಅಕ್ಷರದ ಚೆಲುವು ಬೇರೆಯಾದರೂ ಓದಲು ತೊಂದರೆಯಿಲ್ಲ.

'ಹೊಸ ಕೀಲಿಮಣೆ ಕಲಿಯಬೇಕೇ?' ಎಂಬುದು ಪ್ರಶಿಕ್ಷಣಾರ್ಥಿಗಳ ಮುಂದಿನ ಭಯ. ಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ, ನುಡಿಯಲ್ಲಿ ನಾವೆಲ್ಲ ಬಳಸುವ ಕಗಪ ಕೀಲಿಮಣೆ ಉಬುಂಟುವಿನ ಭಾಷಾ ಆಯ್ಕೆಗಳಲ್ಲೂ ಇದೆ. 'ಕೆ' ಒತ್ತಿದರೆ ಕ, ನಡುವೆ 'ಎಫ್' ಒತ್ತಿದರೆ ಒತ್ತಕ್ಷರ. ಬೆರಳಿನ ಅಭ್ಯಾಸ ಹಾಗೆಯೇ ಉಳಿಯುತ್ತದೆ. ಕೀಲಿಮಣೆಯ ವಿನ್ಯಾಸವೂ ಯಾವುದೋ ಒಂದು ಕಾರ್ಯಾಚರಣಾ ವ್ಯವಸ್ಥೆಯ ಸೊತ್ತಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಎರಡೂ ಏಕೆ ಬೇಕು?

'ಒಂದೇ ಸಾಲದೇ?' ಎಂದು ಮುಖ್ಯೋಪಾಧ್ಯಾಯರು ಕೇಳಿದರೆ ಉತ್ತರ ಸಿದ್ಧವಿರಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಡಿಸ್ಕ್, ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗ ಬೇಕು. ಶಾಲೆಗಳಲ್ಲಿರುವ ಎಷ್ಟೋ ಹಳೆಯ ಯಂತ್ರಗಳಲ್ಲಿ ಇದಿಲ್ಲ. ಅವು ಕೆಟ್ಟಿಲ್ಲ, ಕೇವಲ ಹಳೆಯವು. ಅಂಥವುಗಳಲ್ಲಿ ಲುಬುಂಟು, ಕ್ಸುಬುಂಟುವಿನಂಥ ಹಗುರ ವ್ಯವಸ್ಥೆಗಳನ್ನು ನಡೆಸಬಹುದು. ಇನ್ನೊಂದು ಕಡೆ, ಕಚೇರಿಯ ಮುದ್ರಕವೋ ಹಳೆಯ ನುಡಿ ಕಡತಗಳೋ ವಿಂಡೋಸನ್ನು ಬೇಡುತ್ತವೆ. ಬದಲಾವಣೆಯ ಈ ನಡುಗಾಲದಲ್ಲಿ ಎರಡೂ ಇರುವುದು ಅನುಕೂಲ.

ಇದು ಕಾಗದದ ಮೇಲಿನ ಮಾತಲ್ಲ. ನಮ್ಮ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲಿ ಜಿಯೋಜೀಬ್ರಾದಂಥ ತಂತ್ರಾಂಶಗಳನ್ನು ಕಲಿತರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ಕನ್ನಡದಲ್ಲೇ ಪಾಠ ಸಾಮಗ್ರಿ ಬರೆದರು. ಗಡಿಯಾಚೆ ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು; 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ವ್ಯವಸ್ಥೆಯಲ್ಲೇ ಗಣಕ ಕಲಿಯುತ್ತಾರೆ. ಅಲ್ಲಿಂದ ಬೆಂಗಳೂರಿಗೆ ಓದಲು ಬಂದ ಮಗುವಿಗೆ ವಿಂಡೋಸ್ ಹೊಸತು. ಇಲ್ಲಿಂದ ಅಲ್ಲಿಗೆ ಹೋದವನಿಗೆ ಉಬುಂಟು ಹೊಸತು. ಪದರಗಳನ್ನು ಅರಿತ ಮಗುವಿಗೆ ಎರಡೂ ಒಂದು ವಾರದ ಮಾತು.

ಅಳವಡಿಸುವ ಮೊದಲು

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ, ಉತ್ಸಾಹದಲ್ಲಿ, ಒಂದು ಶಾಲೆಯ ಯಂತ್ರಕ್ಕೆ ಉಬುಂಟು ಹಾಕಿಕೊಡಲು ಹೋದೆ. ಅಳವಡಿಸುವ ತಂತ್ರಾಂಶ ಎರಡು ಆಯ್ಕೆ ಕೊಡುತ್ತದೆ: ವಿಂಡೋಸಿನ ಪಕ್ಕದಲ್ಲಿ ಅಳವಡಿಸು, ಡಿಸ್ಕನ್ನು ಅಳಿಸಿ ಅಳವಡಿಸು. ಮಾತನಾಡುತ್ತಾ ಎರಡನೆಯದನ್ನು ಒತ್ತಿದೆ. ಎಚ್ಚರಿಕೆಯ ಚೌಕ ಬಂತು. ಅದನ್ನೂ ಓದದೆ ಒತ್ತಿದೆ. ಆ ಯಂತ್ರದಲ್ಲಿ ಹತ್ತನೆಯ ತರಗತಿಯ ಆಂತರಿಕ ಮೌಲ್ಯಮಾಪನದ ಅಂಕಗಳಿದ್ದವು, ಬೇರೆಲ್ಲೂ ನಕಲು ಇರಲಿಲ್ಲ. ಅಲ್ಲಿನ ಇಬ್ಬರು ಶಿಕ್ಷಕಿಯರು ಕಾಗದದ ವಹಿಗಳನ್ನು ಹುಡುಕಿ, ಮೂರು ಸಂಜೆ ಕುಳಿತು ಮತ್ತೆ ನಮೂದಿಸಿದರು. ನಾನೂ ಜೊತೆಗೆ ಕುಳಿತೆ. ಒಬ್ಬರೂ ಗದರಲಿಲ್ಲ, ಅದೇ ಹೆಚ್ಚು ನೋವು. ಅಂದಿನಿಂದ ಕೆಳಗಿನ ಕ್ರಮವನ್ನು ನಾನು ಮೀರಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳೂ ಮೀರಬಾರದು.

1. ಕಚೇರಿಯ ಯಂತ್ರವನ್ನು ಮುಟ್ಟಬೇಡಿ. ಪ್ರಯೋಗಾಲಯದ ಯಂತ್ರಕ್ಕೂ ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆಯಿರಿ. ಯಂತ್ರ ದಾಸ್ತಾನು ವಹಿಯಲ್ಲಿರುವ ಶಾಲೆಯ ಸೊತ್ತು.

2. ಎಲ್ಲ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ನಕಲಿಸಿದ ಮೇಲೆ ಇನ್ನೊಂದು ಯಂತ್ರದಲ್ಲಿ ನಾಲ್ಕು ಕಡತ ತೆರೆದು ನೋಡಿ. ತೆರೆದು ನೋಡದ ನಕಲು ನಕಲಲ್ಲ.

3. ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಬೀಗವಿದೆಯೇ ನೋಡಿ. ಇದ್ದರೆ ಅದರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆರಂಭದ ಕ್ರಮ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು.

4. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಆಯ್ಕೆಯನ್ನು ತೆಗೆಯಿರಿ. ಅದು ಇದ್ದಾಗ ವಿಂಡೋಸ್ ಮುಚ್ಚಿದಂತೆ ಕಂಡರೂ ಪೂರ್ತಿ ಮುಚ್ಚಿರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಬೆಳಗಿನ ಪಾಳಿಯವರು ಪುಸ್ತಕ ತೆರೆದಿಟ್ಟು ಹೋದಂತೆ. ಆಗ ಉಬುಂಟು ಸಾಮಾನ್ಯ ಬೀರಿಗೆ ಬರೆಯಲು ಒಪ್ಪುವುದಿಲ್ಲ.

5. ವಿಂಡೋಸಿನ ಭಾಗವನ್ನು ಕಿರಿದು ಮಾಡುವ ಕೆಲಸವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿ. ತನ್ನ ಬೀರಿನಲ್ಲಿ ಏನು ಎಲ್ಲಿದೆ ಎಂಬುದು ಅದಕ್ಕೇ ಚೆನ್ನಾಗಿ ಗೊತ್ತು.

6. 16 ಜಿಬಿಯ ಪೆನ್‌ಡ್ರೈವಿನಲ್ಲಿ ಉಬುಂಟು ಸಿದ್ಧಪಡಿಸಿ, ಮೊದಲು ಅದರಿಂದಲೇ ಯಂತ್ರ ಆರಂಭಿಸಿ. ಎಫ್ 2, ಎಫ್ 12 ಅಥವಾ ಡಿಲೀಟ್ ಕೀಲಿ ಒತ್ತಿದರೆ ಆಯ್ಕೆ ಬರುತ್ತದೆ. ಯಾವ ಕೀಲಿ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. 'ಪ್ರಯತ್ನಿಸಿ ನೋಡು' ಆಯ್ಕೆಯಲ್ಲಿ ಡಿಸ್ಕಿಗೆ ಏನೂ ಬರೆಯದೆ ಉಬುಂಟು ನಡೆಯುತ್ತದೆ. ಧ್ವನಿ, ಪ್ರೊಜೆಕ್ಟರ್, ವೈಫೈ ಕೆಲಸ ಮಾಡುತ್ತವೆಯೇ ಎಂದು ಇಲ್ಲೇ ಪರೀಕ್ಷಿಸಿ.

7. ಅಳವಡಿಸುವಾಗ ಪ್ರತಿ ಪರದೆಯನ್ನೂ ಗಟ್ಟಿಯಾಗಿ ಓದಿ, ಪಕ್ಕದವರು ಕೇಳಿಸಿಕೊಳ್ಳಲಿ. ಇಬ್ಬರೂ ಒಪ್ಪಿದ ಮೇಲೆ ಗುಂಡಿ ಒತ್ತಿ. ಅಂದು ನಾನು ಇದನ್ನೊಂದು ಮಾಡಿದ್ದರೆ ಆ ಮೂರು ಸಂಜೆ ಉಳಿಯುತ್ತಿದ್ದವು.

ಅಳವಡಿಸಿದ ಮೇಲೆ ಎರಡು ಸಣ್ಣ ಕಿರಿಕಿರಿ ಬರಬಹುದು. ಒಂದು, ಗಡಿಯಾರದ್ದು. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಉಬುಂಟು ಅದನ್ನು ಜಾಗತಿಕ ಸಮಯ ಎಂದು ತಿಳಿಯುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ಹಾಗಾಗಿ ಉಬುಂಟು ಬಳಸಿ ವಿಂಡೋಸಿಗೆ ಬಂದಾಗ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಐದೂವರೆ ಎಂದು ತೋರಿಸಬಹುದು. ಉಬುಂಟುವಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಸರಿಹೋಗುತ್ತದೆ. ಆದರೆ ಬದಲಿಸುವ ಮೊದಲು ಮಕ್ಕಳಿಗೆ ತೋರಿಸಿ, ರೇಖಾಂಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಎರಡು, ವಿಂಡೋಸಿನ ದೊಡ್ಡ ನವೀಕರಣವಾದಾಗ ಗ್ರಬ್ ಕಾಣದೆ ನೇರವಾಗಿ ವಿಂಡೋಸೇ ಬರಬಹುದು. ಉಬುಂಟು ಅಳಿಸಿಹೋಯಿತೆಂದು ಗಾಬರಿಯಾಗಬೇಡಿ. ಸಾಮಾನ್ಯವಾಗಿ ಜವಾನನ ಪಟ್ಟಿಯಲ್ಲಿ ಹೆಸರುಗಳ ಕ್ರಮ ಬದಲಾಗಿರುತ್ತದೆ, ಅಷ್ಟೆ. ಯು.ಇ.ಎಫ್.ಐ. ಪುಟದಲ್ಲಿ ಉಬುಂಟುವನ್ನು ಮತ್ತೆ ಮೊದಲಿಗೆ ತನ್ನಿ.

ಇಷ್ಟು ಜವಾಬ್ದಾರಿ ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. ಪೆನ್‌ಡ್ರೈವಿನಿಂದಲೇ ನಡೆಸುವುದು ಅತಿಥಿ ಉಪನ್ಯಾಸಕರನ್ನು ಕರೆಸಿದಂತೆ: ಬಂದು ಪಾಠ ಮಾಡಿ ಹೋಗುತ್ತಾರೆ, ಬೀರು ಕೇಳುವುದಿಲ್ಲ. ವಿಂಡೋಸಿನೊಳಗೇ ಒಂದು ಕಿಟಕಿಯಲ್ಲಿ ಉಬುಂಟುವನ್ನು ನಡೆಸುವ ಕಾಲ್ಪನಿಕ ಯಂತ್ರ ಇನ್ನೊಂದು. ಅದು ಒಂದೇ ಸಭಾಂಗಣದಲ್ಲಿ ನಡುವೆ ಪರದೆ ಕಟ್ಟಿ ಎರಡು ತರಗತಿ ನಡೆಸಿದಂತೆ. ಎರಡೂ ಒಟ್ಟಿಗೆ ನಡೆಯುತ್ತವೆ, ಆದರೆ ಇರುವ ಸ್ಮೃತಿ ಹಂಚಿಹೋಗುತ್ತದೆ. 4 ಜಿಬಿಯ ಯಂತ್ರದಲ್ಲಿ ಎರಡೂ ತೆವಳುತ್ತವೆ.

ತರಗತಿಗೆ ಒಂದು ಪಾಠ

ಎಂಟು ಅಥವಾ ಒಂಬತ್ತನೆಯ ತರಗತಿಗೆ ನಲವತ್ತು ನಿಮಿಷದ ಪಾಠವೊಂದನ್ನು ಹೀಗೆ ಯೋಜಿಸಬಹುದು. ಕಲಿಕಾ ಫಲ ಒಂದೇ ಇರಲಿ: ವಿದ್ಯಾರ್ಥಿಯು ಯಂತ್ರಾಂಶ, ಕಾರ್ಯಾಚರಣಾ ವ್ಯವಸ್ಥೆ ಮತ್ತು ಕಡತ ಇವುಗಳನ್ನು ಉದಾಹರಣೆ ಸಹಿತ ಬೇರ್ಪಡಿಸಿ ಹೇಳುವನು.

ಮೊದಲ ಐದು ನಿಮಿಷ ಏನನ್ನೂ ವಿವರಿಸಬೇಡಿ. ಯಂತ್ರವನ್ನು ಒಂದು ವ್ಯವಸ್ಥೆಯಲ್ಲಿ ತೆರೆದು ತೋರಿಸಿ, ಮುಚ್ಚಿ, ಇನ್ನೊಂದರಲ್ಲಿ ತೆರೆಯಿರಿ. ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂದು ಮಕ್ಕಳು ಎರಡು ಕಂಬಸಾಲುಗಳಲ್ಲಿ ಬರೆಯಲಿ. ಮುಂದಿನ ಹತ್ತು ನಿಮಿಷ ನಾಟಕ: ಒಬ್ಬಳು ಜವಾನ, ಒಬ್ಬ ಗ್ರಬ್, ಇಬ್ಬರು ಮುಖ್ಯೋಪಾಧ್ಯಾಯರು, ನಾಲ್ವರು ತಂತ್ರಾಂಶಗಳು. ಗಂಟೆ ಬಾರಿಸಿದ ಕೂಡಲೇ ಯಾರು ಯಾರ ಬಳಿಗೆ ಹೋಗಬೇಕು ಎಂಬುದನ್ನು ನಡೆದೇ ತೋರಿಸಬೇಕು. ನಂತರದ ಹತ್ತು ನಿಮಿಷ ಕಾಗದದ ಪಟ್ಟಿಯ ಹಂಚಿಕೆ. ಅದರ ಮೇಲೆ ಹತ್ತು ನಿಮಿಷ ಒಂದು ಪ್ರಯೋಗ: ವಿಂಡೋಸಿನಲ್ಲಿ ತಮ್ಮ ಊರಿನ ಹೆಸರನ್ನು ಯೂನಿಕೋಡಿನಲ್ಲಿ ಬರೆದು ಸಾಮಾನ್ಯ ಬೀರಿನಲ್ಲಿ ಉಳಿಸಿ, ಉಬುಂಟುವಿನಲ್ಲಿ ತೆರೆಯುವುದು. 'ಉಲ್ಲಾಳ' ಎಂಬ ಪದದಲ್ಲಿ ಒತ್ತಕ್ಷರವೂ ದೀರ್ಘವೂ ಇದೆ, ಪರೀಕ್ಷೆಗೆ ಚೆನ್ನಾಗಿದೆ. ಎರಡೂ ಕಡೆ ಸರಿಯಾಗಿ ಬಂದರೆ ಮೂರನೆಯ ಪದರ ಸ್ವತಂತ್ರ ಎಂಬುದಕ್ಕೆ ಅದೇ ಪುರಾವೆ. ಯಂತ್ರ ಮತ್ತೆ ತೆರೆದುಕೊಳ್ಳುವವರೆಗೆ ಮಕ್ಕಳು ಕೈಕಟ್ಟಿ ಕೂರಬಾರದು, ತಮ್ಮ ಪಟ್ಟಿಗಳಿಗೆ ಹೆಸರು ಬರೆಯುತ್ತಿರಲಿ. ಉಳಿದ ಐದು ನಿಮಿಷ ಮೌಲ್ಯಮಾಪನಕ್ಕೆ.

ಮೌಲ್ಯಮಾಪನದಲ್ಲಿ 'ಕಾರ್ಯಾಚರಣಾ ವ್ಯವಸ್ಥೆ ಎಂದರೇನು?' ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಬದಲಿಗೆ ಸನ್ನಿವೇಶ ಕೊಡಿ. ಚಿತ್ರ ಕಾಣುತ್ತಿದೆ, ಕನ್ನಡ ಅಕ್ಷರ ಕಾಣುತ್ತಿಲ್ಲ. ದೋಷ ಯಾವ ಪದರದಲ್ಲಿ? ಯಂತ್ರ ಆರಂಭವಾಯಿತು, ಪಾಳಿ ಕೇಳದೆ ನೇರ ವಿಂಡೋಸಿಗೆ ಹೋಯಿತು; ಏನಾಗಿರಬಹುದು? ಎರಡು ವ್ಯವಸ್ಥೆಗಳಲ್ಲೂ ಕೀಲಿಮಣೆಯ ಒಂದೇ ಕೀಲಿ ಕೆಲಸ ಮಾಡುತ್ತಿಲ್ಲ, ಈಗ? ಕೊನೆಯದಕ್ಕೆ 'ಯಂತ್ರಾಂಶ' ಎಂದು ಕಾರಣ ಸಹಿತ ಹೇಳಿದ ಮಗು ಪಾಠವನ್ನು ಗ್ರಹಿಸಿದೆ.

ವೀಕ್ಷಿಸುವ ಮಾರ್ಗದರ್ಶಕ ಶಿಕ್ಷಕರಿಗೆ ಒಂದು ಮಾತು. ಪ್ರಶಿಕ್ಷಣಾರ್ಥಿ ಎಷ್ಟು ತಾಂತ್ರಿಕ ಪದ ಬಳಸಿದರು ಎಂದು ಎಣಿಸಬೇಡಿ. ಹೋಲಿಕೆಯ ಗಡಿಯನ್ನು ಹೇಳಿದರೇ, ಮಕ್ಕಳಿಗೆ ಊಹಿಸಲು ಸಮಯ ಕೊಟ್ಟರೇ, ಯಂತ್ರ ಕೈಕೊಟ್ಟರೆ ನಡೆಸಲು ಬದಲಿ ಯೋಜನೆ ಇತ್ತೇ ಎಂಬುದನ್ನು ನೋಡಿ. ಎನ್.ಸಿ.ಟಿ.ಇ.ಯ ಎರಡು ವರ್ಷದ ಬಿ.ಇಡಿ. ಪಠ್ಯಕ್ರಮದ ಚೌಕಟ್ಟು ಮಾಹಿತಿ ತಂತ್ರಜ್ಞಾನದ ಘಟಕಕ್ಕೆ 'ವಿಮರ್ಶಾತ್ಮಕ ಅರಿವು' ಎಂಬ ಮಾತನ್ನು ಸೇರಿಸಿದೆ. ಗುಂಡಿ ಒತ್ತುವ ತರಬೇತಿಗೂ ಅರಿವಿಗೂ ಇರುವ ಅಂತರ ಇಂಥ ಪಾಠದಲ್ಲಿ ಕಾಣುತ್ತದೆ.

ಅಂಗಾಂಶದ ಪಾಠ ಮಾಡಿದ ಆ ಪ್ರಶಿಕ್ಷಣಾರ್ಥಿ ಎರಡು ವಾರದ ನಂತರ ಅದೇ ತರಗತಿಗೆ ಈ ಪಾಠವನ್ನೇ ಆಯ್ದುಕೊಂಡರು. ಮೊದಲ ದಿನದ ತಮ್ಮ ಹಾಳಾದ ಸ್ಲೈಡನ್ನೇ ತೆರೆದು, "ಇದರಲ್ಲಿ ತಪ್ಪು ಯಾರದು, ನೀವೇ ಹೇಳಿ" ಎಂದು ಆರಂಭಿಸಿದರು. ಅಂದು ರೀಸ್ಟಾರ್ಟ್ ಮಾಡಲು ಹೇಳಿದ್ದ ಹುಡುಗ ಮೊದಲು ಉಬುಂಟು ಎಂದ. ಆಮೇಲೆ ವಿಂಡೋಸ್ ಎಂದ. ಕೊನೆಗೆ ಸ್ವಲ್ಪ ಹೊತ್ತು ಯೋಚಿಸಿ, "ಮಿಸ್, ತಪ್ಪು ನಿಮ್ಮ ಫೈಲಲ್ಲೇ ಇತ್ತು ಅಲ್ವಾ?" ಎಂದ. ತರಗತಿ ನಕ್ಕಿತು, ಅವರೂ ನಕ್ಕು ಹೌದೆಂದರು.

ಈಗ ಅವರ ಪಾಠಯೋಜನೆಯ 'ಕಲಿಕೋಪಕರಣಗಳು' ಕಾಲಂನ ಕೆಳಗೆ ಒಂದು ಸಾಲು ತಪ್ಪದೆ ಇರುತ್ತದೆ: ಕಡತ ಯೂನಿಕೋಡಿನಲ್ಲಿದೆ, ಶಾಲೆಯ ಯಂತ್ರದಲ್ಲಿ, ಎರಡೂ ವ್ಯವಸ್ಥೆಗಳಲ್ಲಿ, ಹಿಂದಿನ ದಿನ ತೆರೆದು ನೋಡಿದೆ. ಮುಂದಿನ ತಂಡದ ಎಲ್ಲರ ಪಾಠಯೋಜನೆಯಲ್ಲೂ ಆ ಸಾಲು ಇರಲಿ ಎಂದು ಕೇಳಿಕೊಳ್ಳುತ್ತೇನೆ.